ಪ್ರೆಷರ್ ಟ್ಯಾಂಕಿನ ಗಾಳಿ: ಗೇಜು 32 ತೋರಿಸುತ್ತಿದೆ, ಆದರೂ ಪಂಪು ನಿಮಿಷಕ್ಕೆ ಮೂರು ಸಲ ಚಾಲೂ ಆಗುತ್ತಿದೆ

ಪ್ರಶ್ನೆ: ಕಲ್ಯಾಣಪುರದ ಹಂಚಿನ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿಯ ಬಳಿಯ ಕಲ್ಯಾಣಪುರದಲ್ಲಿರುವ ಹಳೆಯ ಹಂಚಿನ ಮನೆ. ಅಂಗಳದ ಬಾವಿಯಿಂದ 1 ಎಚ್‌ಪಿಯ ಮೋನೋಬ್ಲಾಕ್ ಪಂಪು ನೀರೆತ್ತಿ, 60 ಲೀಟರಿನ ಪ್ರೆಷರ್ ಟ್ಯಾಂಕಿಗೆ ಒತ್ತುತ್ತದೆ; ಅಲ್ಲಿಂದ ಅಡುಗೆಮನೆ, ಬಚ್ಚಲು ಮತ್ತು ಒಗೆಯುವ ಕಲ್ಲಿನ ಬಳಿಯ ನಲ್ಲಿಗೆ ನೀರು ಹೋಗುತ್ತದೆ. ಒಳಗೆ ರಬ್ಬರ್ ಚೀಲವಿರುವ ಬಗೆಯ ಟ್ಯಾಂಕು ಇದು. ಪ್ರೆಷರ್ ಸ್ವಿಚ್ಚು 20 ಪಿಎಸ್‌ಐಗೆ ಆನ್ ಆಗಿ 40ಕ್ಕೆ ಆಫ್ ಆಗುವಂತೆ ಇದೆ (ಇದು ಒತ್ತಡದ ಅಳತೆ, ಚದರ ಇಂಚಿಗೆ ಇಷ್ಟು ಪೌಂಡ್ ಎಂದು). ಕೂಡಿಸಿ ನಾಲ್ಕು ವರ್ಷವಾಯಿತು; ಅಂದಿನಿಂದ ಇಂದಿನವರೆಗೆ ಟ್ಯಾಂಕಿನ ಗಾಳಿಯನ್ನು ಯಾರೂ ನೋಡಿರಲಿಲ್ಲ, ನೋಡಬೇಕೆಂದು ನಮಗೆ ಯಾರೂ ಹೇಳಿಯೂ ಇರಲಿಲ್ಲ.

ಮೊದಲು ಒಬ್ಬರು ಸ್ನಾನ ಮುಗಿಸುವಷ್ಟರಲ್ಲಿ ಪಂಪು ಎರಡೋ ಮೂರೋ ಸಲ ಚಾಲೂ ಆಗುತ್ತಿತ್ತು. ಈಗ ಬಚ್ಚಲಿನ ನಲ್ಲಿ ತಿರುಗಿಸಿದೊಡನೆ ಹದಿನೈದು ಇಪ್ಪತ್ತು ಸೆಕೆಂಡಿಗೊಮ್ಮೆ ‘ಟಕ್’ ಎಂದು ಹಿಡಿಯುತ್ತದೆ, ‘ಟಕ್’ ಎಂದು ಬಿಡುತ್ತದೆ. ಪಂಪಿನ ವಿದ್ಯುತ್ತನ್ನು ತೆಗೆದು, ಗೇಜು 40ರಿಂದ 20ಕ್ಕೆ ಇಳಿಯುವವರೆಗೆ ಬಂದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಅಳೆದೆ: ಎರಡೇ ಎರಡು ಲೀಟರು. ಎಲ್ಲ ನಲ್ಲಿಗಳನ್ನು ಮುಚ್ಚಿದ್ದರೂ ರಾತ್ರಿ ಸುಮಾರು ಅರ್ಧ ಗಂಟೆಗೊಮ್ಮೆ ಪಂಪು ತಾನಾಗಿ ಚಾಲೂ ಆಗುವುದು ಇನ್ನೊಂದು ಕಿರಿಕಿರಿ.

ಮೊದಲು ಬಂದ ಪ್ಲಂಬರ್ ಪ್ರೆಷರ್ ಸ್ವಿಚ್ಚು ಹೋಗಿದೆ ಎಂದು ಹೊಸದು ಹಾಕಿಸಿದರು. ವ್ಯತ್ಯಾಸವೇನೂ ಆಗಲಿಲ್ಲ. ಎರಡನೆಯವರು ಟ್ಯಾಂಕನ್ನು ಬೆರಳಿನಿಂದ ತಟ್ಟಿ ನೋಡಿ, ಇದರ ಆಯುಸ್ಸು ಮುಗಿಯಿತು, ಹೊಸ ಟ್ಯಾಂಕು ತನ್ನಿ ಎಂದರು. ಅಷ್ಟರಲ್ಲಿ ನಾನೇ ಕಾರಿನ ಟಯರಿನ ಗೇಜನ್ನು ಟ್ಯಾಂಕಿನ ಗಾಳಿಯ ವಾಲ್ವಿಗೆ ಹಿಡಿದು ನೋಡಿದೆ, 32 ತೋರಿಸಿತು. ಟ್ಯಾಂಕಿಗೆ ಅಂಟಿಸಿದ ಚೀಟಿಯಲ್ಲಿ ಗಾಳಿಯ ಒತ್ತಡ 1.5 ಬಾರ್ ಎಂದಿದೆ, ಎಂದರೆ ಸುಮಾರು 22 ಪಿಎಸ್‌ಐ. ಗಾಳಿ ಹೆಚ್ಚಾಗಿದೆ ಎಂದುಕೊಂಡು ವಾಲ್ವಿನ ಪಿನ್ನನ್ನು ಒತ್ತಿ ಸ್ವಲ್ಪ ಗಾಳಿ ಬಿಟ್ಟೆ. ಗೇಜು ಹೆಚ್ಚೇನೂ ಇಳಿಯಲಿಲ್ಲ, ಆದರೆ ಪಂಪಿನ ಚಡಪಡಿಕೆ ಇನ್ನಷ್ಟು ಹೆಚ್ಚಾಯಿತು.

ಗಾಳಿ ಬೇಕಾದುದಕ್ಕಿಂತ ಹೆಚ್ಚಿದ್ದೂ ಹೀಗಾಗಲು ಸಾಧ್ಯವೇ? ನಿಜವಾಗಿ ಎಷ್ಟಿರಬೇಕು, ಅದನ್ನು ಅಳೆಯುವ ಸರಿಯಾದ ಕ್ರಮ ಯಾವುದು? ಟ್ಯಾಂಕು ಬದಲಾಯಿಸುವ ಮೊದಲು ತಿಳಿದವರ ಮಾತು ಕೇಳೋಣವೆಂದು ಬರೆಯುತ್ತಿದ್ದೇನೆ.

ಉತ್ತರ: ಕಾಪುವಿನ ಕಡಲತಡಿ

ನೀವು ಪಿನ್ನು ಒತ್ತಿದಾಗ ಬರೀ ಗಾಳಿ ಬಂತೇ, ಅಥವಾ ಗಾಳಿಯ ಜೊತೆ ನೀರಿನ ಹನಿಯೂ ಬಂತೇ? ನೀರು ಬಂದಿದ್ದರೆ ಒಳಗಿನ ಚೀಲ ಹರಿದಿದೆ, ಮುಂದಿನ ಚರ್ಚೆಯೇ ಬೇಡ. ಒಣ ಗಾಳಿ ಮಾತ್ರ ಬಂದಿದ್ದರೆ ಟ್ಯಾಂಕನ್ನು ಗುಜರಿಗೆ ಹಾಕಲು ಅವಸರ ಮಾಡಬೇಡಿ.

ಪ್ರಶ್ನೆ ಕೇಳಿದವರು

ಒಣ ಗಾಳಿಯೇ ಬಂತು. ಪಿನ್ನಿನ ಮೇಲೆ ಬಿಳಿ ಕರವಸ್ತ್ರವನ್ನು ಹಿಡಿದಿದ್ದೆ, ಒದ್ದೆಯಾಗಲಿಲ್ಲ.

ಉತ್ತರ: ಸುರತ್ಕಲ್‌ನ ನಿವೃತ್ತ ಫಿಟ್ಟರ್

ಹಾಗಾದರೆ ನಿಮ್ಮ ಟ್ಯಾಂಕು ಚೆನ್ನಾಗಿಯೇ ಇರಬೇಕು. ತಪ್ಪಾದದ್ದು ಅಳೆಯುವ ಹೊತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದೇ ತಪ್ಪನ್ನು ಮಾಡಿ ಒಳ್ಳೆಯ ಟ್ಯಾಂಕುಗಳನ್ನು ಬಿಸಾಡಿದವರನ್ನು ನಾನು ಬಹಳ ಕಂಡಿದ್ದೇನೆ. ನಿಮ್ಮ ಬಗೆಯ ಟ್ಯಾಂಕಿನಲ್ಲಿ ರಬ್ಬರ್ ಚೀಲದೊಳಗೆ ನೀರು, ಚೀಲಕ್ಕೂ ಉಕ್ಕಿನ ಗೋಡೆಗೂ ನಡುವೆ ಗಾಳಿ ಇರುತ್ತದೆ. ಚೀಲವೆಂಬುದು ಮೆತ್ತನೆಯ ಪರದೆ. ಅದು ಒತ್ತಡವನ್ನು ತಡೆಯುವುದಿಲ್ಲ, ನೀರು ಎಷ್ಟು ಒತ್ತುತ್ತದೋ ಗಾಳಿಯೂ ಅಷ್ಟೇ ತಿರುಗಿ ಒತ್ತುವಂತೆ ಸರಿಯುತ್ತದೆ. ಆದುದರಿಂದ ಟ್ಯಾಂಕಿನಲ್ಲಿ ನೀರು 32 ಪೌಂಡಿನಲ್ಲಿ ನಿಂತಿರುವಾಗ ಗಾಳಿಯ ವಾಲ್ವಿಗೆ ಗೇಜು ಹಿಡಿದರೆ, ಒಳಗೆ ಐವತ್ತು ಲೀಟರು ಗಾಳಿಯಿದ್ದರೂ 32, ಐದೇ ಲೀಟರು ಗಾಳಿಯಿದ್ದರೂ 32. ತಕ್ಕಡಿಯ ಎರಡು ತಟ್ಟೆಗಳು ಸಮನಾಗಿ ನಿಂತಿವೆ ಎಂದಮಾತ್ರಕ್ಕೆ ಅದರಲ್ಲಿ ಎಷ್ಟು ಸೇರು ಅಕ್ಕಿಯಿದೆ ಎಂದು ತಿಳಿಯುವುದಿಲ್ಲವಲ್ಲ, ಹಾಗೆ. ನೀವು ಓದಿದ್ದು ಗಾಳಿಯ ಲೆಕ್ಕವನ್ನಲ್ಲ, ನೀರಿನ ಲೆಕ್ಕವನ್ನು. ಅದನ್ನು ನಂಬಿ, ಮೊದಲೇ ಕಡಿಮೆಯಿದ್ದ ಗಾಳಿಯನ್ನು ಇನ್ನಷ್ಟು ಹೊರಗೆ ಬಿಟ್ಟಿರಿ.

(ಪಿಎಸ್‌ಐ ಎಂದರೆ ನಮ್ಮ ಕಡೆ ಪೊಲೀಸ್ ಠಾಣೆಯವರ ನೆನಪಾಗುತ್ತದೆ; ನಾವು ಕೆಲಸದಲ್ಲಿ ಪೌಂಡ್ ಎಂದೇ ಹೇಳಿ ಅಭ್ಯಾಸ. ಎರಡೂ ಒಂದೇ.)

ಸರಿಯಾದ ಕ್ರಮ ಹೀಗಿದೆ. ಮೊದಲು ಪಂಪಿನ ವಿದ್ಯುತ್ತನ್ನು ಬೋರ್ಡಿನಲ್ಲೇ ತೆಗೆಯಿರಿ. ಇದನ್ನು ಮರೆತರೆ ನೀವು ನೀರು ಬಿಡುತ್ತಾ ಹೋದಂತೆ ಪಂಪು ತುಂಬಿಸುತ್ತಾ ಹೋಗುತ್ತದೆ. ಬಳಿಕ ಟ್ಯಾಂಕಿಗಿಂತ ಕೆಳಮಟ್ಟದಲ್ಲಿರುವ ನಲ್ಲಿಯನ್ನು, ನಿಮ್ಮಲ್ಲಿ ಪ್ರಾಯಶಃ ಒಗೆಯುವ ಕಲ್ಲಿನ ಬಳಿಯದ್ದು, ಪೂರ್ತಿ ತಿರುಗಿಸಿ ನೀರಿನ ಗೇಜು ಸೊನ್ನೆಗೆ ಬರುವವರೆಗೆ ಬಿಡಿ. ನೀರು ನಿಂತ ಮೇಲೂ ನಲ್ಲಿಯನ್ನು ತೆರೆದೇ ಇಡಿ. ಈಗ ಗಾಳಿಯ ವಾಲ್ವಿಗೆ ಗೇಜು ಹಿಡಿಯಿರಿ. ಈಗ ಬರುವ ಅಂಕಿಯೇ ನಿಮ್ಮ ಟ್ಯಾಂಕಿನ ನಿಜವಾದ ಗಾಳಿ. ನಿಮ್ಮಲ್ಲಿ ಅದು ಸೊನ್ನೆ ಅಥವಾ ಅದರ ಆಸುಪಾಸು ಇದ್ದರೆ ನನಗೇನೂ ಆಶ್ಚರ್ಯವಿಲ್ಲ.

ಎಷ್ಟು ತುಂಬಬೇಕು ಎಂಬುದಕ್ಕೆ ಚೀಟಿಯನ್ನು ನೋಡಬೇಡಿ, ಸ್ವಿಚ್ಚನ್ನು ನೋಡಿ. ಚೀಟಿಯಲ್ಲಿರುವುದು ಕಾರ್ಖಾನೆಯವರು ತುಂಬಿ ಕಳುಹಿಸಿದ ಗಾಳಿ. ನಿಮ್ಮ ಮನೆಯ ಸ್ವಿಚ್ಚು ಎಷ್ಟಕ್ಕೆ ಆನ್ ಆಗುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಪಂಪು ಆನ್ ಆಗುವ ಒತ್ತಡಕ್ಕಿಂತ 2 ಪೌಂಡ್ ಕಡಿಮೆ ಗಾಳಿ ಇರಬೇಕು. ನಿಮ್ಮದು 20ಕ್ಕೆ ಆನ್ ಆಗುವುದರಿಂದ 18. ಚೀಟಿಯ 22ನ್ನೇ ನಂಬಿ ತುಂಬಿದರೆ ಬೇರೆ ತೊಂದರೆ ಬರುತ್ತದೆ. ಸ್ವಿಚ್ಚಿನ ಮೇಲೆ ಬರೆದ ಅಂಕಿಯನ್ನೂ ಕುರುಡಾಗಿ ನಂಬಬೇಡಿ, ಅದರಲ್ಲೂ ಹೊಸ ಸ್ವಿಚ್ಚು ಹಾಕಿಸಿದ್ದೀರಿ. ನಲ್ಲಿ ಬಿಟ್ಟು, ಪಂಪು ಹಿಡಿಯುವ ಕ್ಷಣದಲ್ಲಿ ನೀರಿನ ಗೇಜಿನ ಮುಳ್ಳು ಎಲ್ಲಿದೆ ಎಂದು ಕಣ್ಣಾರೆ ನೋಡಿ.

ಗಾಳಿ ತುಂಬಲು ಕಾರಿನ ಕಾಲುಪಂಪು ಸಾಕು. ಇಲ್ಲಿರುವ ವಾಲ್ವು ಕಾರು ಮತ್ತು ಸ್ಕೂಟರಿನ ಬಗೆಯದು. ಹಳೆಯ ಸೈಕಲ್ಲಿನ ಪಂಪು ಇದಕ್ಕೆ ಕೂರುವುದಿಲ್ಲ. ತುಂಬಿದ ಮೇಲೆ ವಾಲ್ವಿನ ಬಾಯಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಎದ್ದರೆ ಒಳಗಿನ ಪಿನ್ನನ್ನು ಬದಲಾಯಿಸಬೇಕು. ಯಾವ ಪಂಕ್ಚರ್ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಪಿನ್ನು ಬಿಚ್ಚುವಾಗ ಟ್ಯಾಂಕಿನಲ್ಲಿ ಒತ್ತಡ ಇರಕೂಡದು, ಅದು ಗುಂಡಿನಂತೆ ಹಾರಿ ಬರುತ್ತದೆ. ಎಲ್ಲ ಮುಗಿದ ಮೇಲೆ ವಾಲ್ವಿನ ಟೋಪಿಯನ್ನು ಮರೆಯದೆ ಹಾಕಿ. ಕಡಲ ಗಾಳಿಯ ಊರಿನಲ್ಲಿ ಟೋಪಿಯಿಲ್ಲದ ವಾಲ್ವು ಹೆಚ್ಚು ಕಾಲ ಬಾಳುವುದಿಲ್ಲ.

ಇನ್ನು, ರಾತ್ರಿ ತಾನಾಗಿ ಚಾಲೂ ಆಗುವುದು ಬೇರೆಯೇ ಕಾಯಿಲೆ. ನಲ್ಲಿ ಬಿಟ್ಟಾಗ ಪಂಪು ಬೇಗಬೇಗ ಹಿಡಿದು ಬಿಡುವುದಕ್ಕೆ ಕಾರಣ ಗಾಳಿ. ನಲ್ಲಿ ಮುಚ್ಚಿದ್ದಾಗಲೂ ಹಿಡಿಯುವುದಕ್ಕೆ ಕಾರಣ ಎಲ್ಲೋ ನೀರು ಸೋರುತ್ತಿರುವುದು. ಮೊದಲು ಗಾಳಿಯನ್ನು ಸರಿಮಾಡಿ, ಅದರ ವಿಚಾರ ಆಮೇಲೆ ಮಾತನಾಡೋಣ.

ಉತ್ತರ: ಮಣಿಪಾಲದ ಮೂರನೇ ಮಹಡಿ

ಇಷ್ಟೆಲ್ಲ ಗೋಜಲು ಏಕೆ? ಒಂದು ಸಾವಿರ ಲೀಟರಿನ ಟ್ಯಾಂಕನ್ನು ಮಾಡಿನ ಮೇಲಿಟ್ಟು ದಿನಕ್ಕೊಮ್ಮೆ ಪಂಪು ಹಾಕಿದರೆ ಗಾಳಿಯೂ ಬೇಡ, ಚೀಲವೂ ಬೇಡ.

ಪ್ರಶ್ನೆ ಕೇಳಿದವರು

ಮಾಡಿನ ಮೇಲೆ ಇಡುವಂತಿದ್ದರೆ ಎಂದೋ ಇಡುತ್ತಿದ್ದೆವು. ನಮ್ಮದು ಮಂಗಳೂರು ಹಂಚು ಹೊದೆಸಿದ, ಮರದ ಪಕ್ಕಾಸಿನ ಇಳಿಜಾರು ಮಾಡು. ಮಂಗ ಹಾರಿದರೇ ನಾಲ್ಕು ಹಂಚು ಒಡೆಯುತ್ತದೆ, ಅದರ ಮೇಲೆ ಒಂದು ಟನ್ ನೀರನ್ನು ಇಡುವುದು ಹೇಗೆ? ಅಂಗಳದಲ್ಲಿ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸುವ ಯೋಚನೆಯನ್ನೂ ಮಾಡಿದ್ದೆವು. ಆದರೆ ನೀರಿನ ಎತ್ತರ ಒಂದು ಮೀಟರಿಗೆ ಒತ್ತಡ ಹೆಚ್ಚೆಂದರೆ 1.4 ಪೌಂಡ್, ನಲ್ಲಿಗಿಂತ ಮೂರು ಮೀಟರು ಮೇಲಿಟ್ಟರೆ ನಾಲ್ಕು ಪೌಂಡ್ ಚಿಲ್ಲರೆ ಸಿಗುತ್ತದೆ, ಅಷ್ಟರಲ್ಲಿ ಬಚ್ಚಲಿನ ಗ್ಯಾಸ್ ಗೀಸರು ಹೊತ್ತಿಕೊಳ್ಳುವುದೇ ಇಲ್ಲ. 20 ಪೌಂಡ್ ಬೇಕಾದರೆ ಟ್ಯಾಂಕನ್ನು ಹದಿನಾಲ್ಕು ಮೀಟರಿಗೆ, ಅಂದರೆ ತೆಂಗಿನ ಮರದ ತುದಿಗೆ ಕಟ್ಟಬೇಕು.

ಉತ್ತರ: ಬಿಜೈಯ ಭೌತಶಾಸ್ತ್ರ ಮೇಷ್ಟ್ರು

ಫಿಟ್ಟರ್ ಮಹಾಶಯರು ಹೇಳಿದ್ದಕ್ಕೆ ಲೆಕ್ಕದ ಬೆಂಬಲ ಕೊಡುತ್ತೇನೆ. ಬಕೆಟ್ಟಿನಲ್ಲಿ ಹಿಡಿದ ಎರಡು ಲೀಟರು ನೀರು ಇಡೀ ಕಥೆಯನ್ನು ಹೇಳಿಬಿಡುತ್ತದೆ.

ಒಂದೇ ಉಷ್ಣತೆಯಲ್ಲಿ, ನಿರ್ದಿಷ್ಟ ಪ್ರಮಾಣದ ಗಾಳಿಯ ಒತ್ತಡವನ್ನು ಅದರ ಗಾತ್ರದಿಂದ ಗುಣಿಸಿದರೆ ಬರುವ ಸಂಖ್ಯೆ ಬದಲಾಗುವುದಿಲ್ಲ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ಈ ನಿಯಮವನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದವರೇ. ಇಲ್ಲಿ ಒಂದು ಎಚ್ಚರ ಬೇಕು. ಗೇಜು ತೋರಿಸುವುದು ವಾತಾವರಣದ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ; ಲೆಕ್ಕಕ್ಕೆ ವಾತಾವರಣದ 14.7ನ್ನೂ ಕೂಡಿಸಿಕೊಳ್ಳಬೇಕು. ಆಗ ಗೇಜಿನ 18, 20 ಮತ್ತು 40 ಎಂಬುವು 32.7, 34.7 ಮತ್ತು 54.7 ಆಗುತ್ತವೆ.

ನೀರಿಲ್ಲದ 60 ಲೀಟರ್ ಟ್ಯಾಂಕಿಗೆ 18 ಪೌಂಡ್ ಗಾಳಿ ತುಂಬಿದ್ದೀರಿ ಎನ್ನೋಣ. ನೀರು ಬಂದು ಒತ್ತಡ 20 ಆದಾಗ ಆ ಗಾಳಿ 56.5 ಲೀಟರಿಗೆ ಕುಗ್ಗಿರುತ್ತದೆ. 40 ಆದಾಗ 35.9 ಲೀಟರಿಗೆ. ಇವೆರಡರ ನಡುವಿನ ಅಂತರ, ಅಂದರೆ 20 ಲೀಟರಿಗೆ ತುಸು ಹೆಚ್ಚು ನೀರು, ಪಂಪು ನಿಂತ ಮೇಲೆ ನಿಮಗೆ ಬರೀ ಗಾಳಿಯ ಬಲದಿಂದ ಸಿಗಬೇಕು. 60 ಲೀಟರಿನ ಟ್ಯಾಂಕಿನಿಂದ 60 ಲೀಟರು ಸಿಗುತ್ತದೆ ಎಂದು ಅಂಗಡಿಯವರು ಹೇಳಿದ್ದರೆ ಅದು ವ್ಯಾಪಾರದ ಮಾತು. ಈ ಒತ್ತಡಗಳಲ್ಲಿ ಮೂರರಲ್ಲಿ ಒಂದು ಪಾಲು ಸಿಕ್ಕಿದರೆ ಟ್ಯಾಂಕು ಆರೋಗ್ಯವಾಗಿದೆ.

ಈಗ ನಿಮ್ಮ ಎರಡು ಲೀಟರಿನಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ಒತ್ತಡ 20 ಇರುವಾಗ ನಿಮ್ಮ ಟ್ಯಾಂಕಿನಲ್ಲಿರುವ ಗಾಳಿ ಸುಮಾರು ಐದೂವರೆ ಲೀಟರು ಮಾತ್ರ. ಉಳಿದ 54 ಲೀಟರು ಜಾಗದಲ್ಲಿ ನೀರು ಸುಮ್ಮನೆ ಕುಳಿತಿದೆ. ಅದು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಎರಡನೆಯ ಪ್ಲಂಬರ್ ಟ್ಯಾಂಕನ್ನು ತಟ್ಟಿದಾಗ ಮೇಲಿಂದ ಕೆಳಗಿನವರೆಗೆ ಮಂದವಾದ ಸದ್ದೇ ಬಂದಿರಬೇಕು, ಹಾಗಾಗಿ ಅವರು ಹಾಗೆ ಹೇಳಿದರೆಂದು ಕಾಣುತ್ತದೆ. ತುಂಬಿದ ಟ್ಯಾಂಕು ಹರಿದ ಚೀಲದ ಲಕ್ಷಣವೂ ಹೌದು, ಗಾಳಿ ಹೋದ ಟ್ಯಾಂಕಿನ ಲಕ್ಷಣವೂ ಹೌದು. ಎರಡನ್ನೂ ಬೇರ್ಪಡಿಸುವುದು ನಿಮ್ಮ ಕರವಸ್ತ್ರ.

ಗಾಳಿ ಎಲ್ಲಿಗೆ ಹೋಯಿತು ಎಂದು ಕೇಳಬಹುದು. ರಬ್ಬರ್ ಎಷ್ಟೇ ಚೆನ್ನಾಗಿದ್ದರೂ ಗಾಳಿಯ ಅಣುಗಳು ಅದರ ಮೂಲಕ ನಿಧಾನವಾಗಿ ನುಸುಳುತ್ತವೆ. ಬಳಸದೆ ಇಟ್ಟ ಸ್ಕೂಟರಿನ ಟಯರು ಪಂಕ್ಚರ್ ಆಗದೆಯೂ ಮೆತ್ತಗಾಗುವುದು ಇದರಿಂದಲೇ. ನಾಲ್ಕು ವರ್ಷ ನೋಡದೆ ಬಿಟ್ಟರೆ ಟ್ಯಾಂಕಿಗೂ ಅದೇ ಗತಿ.

ಉತ್ತರ: ಕದ್ರಿ ಕಂಬಳದ ಗೃಹಿಣಿ

ಫಿಟ್ಟರ್ ಅವರು 22 ತುಂಬಿದರೆ ಬೇರೆ ತೊಂದರೆ ಬರುತ್ತದೆ ಎಂದು ಹೇಳಿ ಬಿಟ್ಟುಬಿಟ್ಟರು. ಆ ತೊಂದರೆಯನ್ನು ಅನುಭವಿಸಿದವಳು ನಾನು. ಹೆಚ್ಚು ಗಾಳಿಯಿದ್ದರೆ ಹೆಚ್ಚು ಒಳ್ಳೆಯದೆಂದು ನಮ್ಮ ಮನೆಯವರು 20ಕ್ಕೆ ಆನ್ ಆಗುವ ಪಂಪಿನ ಟ್ಯಾಂಕಿಗೆ 26 ತುಂಬಿಸಿದ್ದರು. ಅಂದಿನಿಂದ ಸ್ನಾನದ ನಡುವೆ ನೀರು ಒಮ್ಮೆಗೇ ನಿಂತುಹೋಗಿ, ಮೈಯೆಲ್ಲ ಸಾಬೂನಾಗಿ ನಿಂತವರು ‘ನೀರು ಎಲ್ಲಿ’ ಎಂದು ಕೂಗುವಷ್ಟರಲ್ಲಿ, ಪೈಪುಗಳು ದಡಕ್ಕೆಂದು ಅದುರಿ ಮತ್ತೆ ಬರುತ್ತಿತ್ತು. ಪಂಪಿಗೆ ಆನ್ ಆಗುವ ಸೂಚನೆ ಸಿಗುವ ಮೊದಲೇ ಗಾಳಿಯು ನೀರನ್ನೆಲ್ಲ ಹೊರದೂಡಿ, ಚೀಲವನ್ನು ಟ್ಯಾಂಕಿನ ಬಾಯಿಗೆ ಒತ್ತಿಬಿಡುತ್ತಿತ್ತಂತೆ. 18ಕ್ಕೆ ಇಳಿಸಿದ ದಿನವೇ ಸರಿಯಾಯಿತು. ಕಡಿಮೆ ಗಾಳಿ ಪಂಪನ್ನು ಕೊಲ್ಲುತ್ತದೆ, ಹೆಚ್ಚು ಗಾಳಿ ಚೀಲವನ್ನು ಕೊಲ್ಲುತ್ತದೆ ಎಂದು ಆಗ ಬಂದ ಮೆಕ್ಯಾನಿಕ್ ಹೇಳಿದ್ದರು.

ಉತ್ತರ: ಮೂಲ್ಕಿಯ ಹಳೆ ಟ್ಯಾಂಕು

ನನ್ನದು ತುಸು ಬೇರೆ ಪ್ರಸಂಗ, ಆದರೆ ಓದುವವರಲ್ಲಿ ಇಂತಹ ಟ್ಯಾಂಕು ಇರುವವರೂ ಇರಬಹುದೆಂದು ಬರೆಯುತ್ತೇನೆ. ನಮ್ಮ ತಂದೆಯವರ ಕಾಲದ ಟ್ಯಾಂಕಿನಲ್ಲಿ ಚೀಲವೇ ಇಲ್ಲ. ಅದೊಂದು ದೊಡ್ಡ ಜಿಐ ಡ್ರಮ್ಮು. ಕೆಳಗೆ ನೀರು, ಅದರ ಮೇಲೆಯೇ ಗಾಳಿ. ಇದರಲ್ಲಿ ಗಾಳಿಯು ನೀರನ್ನು ನೇರವಾಗಿ ಮುಟ್ಟಿಕೊಂಡಿರುವುದರಿಂದ, ಒತ್ತಡದಲ್ಲಿ ಸ್ವಲ್ಪಸ್ವಲ್ಪವೇ ನೀರಿನಲ್ಲಿ ಕರಗಿ ನಲ್ಲಿಯ ಮೂಲಕ ಮನೆಯೊಳಗೆ ಬಂದುಬಿಡುತ್ತದೆ. ಲೋಟಕ್ಕೆ ಹಿಡಿದ ನೀರು ಮೊದಲು ಹಾಲಿನಂತೆ ಬೆಳ್ಳಗಿದ್ದು, ಅರೆ ನಿಮಿಷದಲ್ಲಿ ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತಾ ಬರುವುದನ್ನು ನೋಡಿ ಚಿಕ್ಕಂದಿನಲ್ಲಿ ನಮಗೆ ಸೋಜಿಗವಾಗುತ್ತಿತ್ತು. ಅದು ಕರಗಿದ ಗಾಳಿ ಗುಳ್ಳೆಯಾಗಿ ಬಿಡುಗಡೆಯಾಗುವ ನೋಟ.

ಹೀಗಾಗಿ ಇಂತಹ ಟ್ಯಾಂಕಿಗೆ ಒಮ್ಮೆ ಗಾಳಿ ತುಂಬಿ ವರ್ಷಗಟ್ಟಲೆ ನಿಶ್ಚಿಂತೆಯಿಂದ ಇರುವಂತಿಲ್ಲ. ನಮ್ಮಲ್ಲಿ ಪ್ರತಿ ಎರಡು ತಿಂಗಳಿಗೊಮ್ಮೆ ಪಂಪನ್ನು ನಿಲ್ಲಿಸಿ, ಅಡಿಯ ಗೇಟ್ ವಾಲ್ವನ್ನು ಬಿಚ್ಚಿ, ಮೇಲಿನ ಪ್ಲಗ್ಗನ್ನೂ ತೆಗೆದು ಟ್ಯಾಂಕನ್ನು ಪೂರ್ತಿ ಖಾಲಿ ಮಾಡುತ್ತೇವೆ. ನೀರು ಹೊರಗೆ ಹೋದಷ್ಟೂ ಗಾಳಿ ಒಳಗೆ ಬರುತ್ತದೆ. ಎರಡನ್ನೂ ಮುಚ್ಚಿ ಪಂಪು ಹಾಕಿದರೆ ಒಳಗೆ ಸಿಕ್ಕಿಬಿದ್ದ ಗಾಳಿಯೇ ಸ್ಪ್ರಿಂಗ್ ಆಗುತ್ತದೆ. ಖರ್ಚೇನೂ ಇಲ್ಲ, ಅರ್ಧ ಗಂಟೆಯ ಕೆಲಸ.

ಇನ್ನೊಂದು ಮಾತು, ಇದು ಚೀಲದ ಟ್ಯಾಂಕಿಗೂ ಸಲ್ಲುತ್ತದೆ. ನಮ್ಮ ಮುರಕಲ್ಲಿನ ಬಾವಿಗಳ ನೀರಿನಲ್ಲಿ ಹಲವೆಡೆ ಕಬ್ಬಿಣದ ಅಂಶ ಇರುತ್ತದೆ. ಪ್ರೆಷರ್ ಸ್ವಿಚ್ಚು ಕೂತಿರುವ ಕಿರುಬೆರಳಿನಷ್ಟು ದಪ್ಪದ ಕೊಳವೆಯಲ್ಲಿ ಕಂದು ಲೋಳೆ ಕಟ್ಟಿಕೊಂಡರೆ ಸ್ವಿಚ್ಚಿಗೆ ಒತ್ತಡ ತಡವಾಗಿ ತಿಳಿಯುತ್ತದೆ, ಪಂಪು ಹೊತ್ತಲ್ಲದ ಹೊತ್ತಿಗೆ ಹಿಡಿಯುತ್ತದೆ. ಸ್ವಿಚ್ಚನ್ನು ಬದಲಾಯಿಸುವವರು ಆ ಕೊಳವೆಯನ್ನು ಬಿಚ್ಚಿ ತಂತಿ ಹಾಕಿ ತೊಳೆದಿದ್ದಾರೆಯೇ ಎಂದು ಕೇಳಿ ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಬೆಳಿಗ್ಗೆ ಕೆಲಸ ಮಾಡಿ ಮುಗಿಸಿದೆ. ನಡೆದದ್ದನ್ನು ಇದ್ದಂತೆ ಬರೆಯುತ್ತೇನೆ.

ಪಂಪಿನ ವಿದ್ಯುತ್ತು ತೆಗೆದು ಒಗೆಯುವ ಕಲ್ಲಿನ ನಲ್ಲಿಯನ್ನು ಬಿಟ್ಟೆ. ನೀರು ಎರಡು ಮೂರು ಲೀಟರು ಹರಿದು, ಗೇಜು ಸೊನ್ನೆಗೆ ಬಂದು ನಿಂತಿತು. ಗಾಳಿಯ ವಾಲ್ವಿಗೆ ಗೇಜು ಹಿಡಿದರೆ ಮುಳ್ಳು ಅಲುಗಲೇ ಇಲ್ಲ. ಮೇಷ್ಟ್ರು ಹೇಳಿದ ಕುಳಿತ ನೀರು ಎಲ್ಲಿದೆ ಎಂದು ಟ್ಯಾಂಕನ್ನು ಓರೆ ಮಾಡಲು ನೋಡಿದೆ. ನನ್ನೊಬ್ಬನಿಂದ ಆಗಲಿಲ್ಲ, ಅಷ್ಟು ಭಾರವಿತ್ತು. ನಲ್ಲಿಯನ್ನು ತೆರೆದಿಟ್ಟೇ ಕಾಲುಪಂಪಿನಿಂದ ಗಾಳಿ ಹೊಡೆಯತೊಡಗಿದೆ. ಮೊದಲ ಇಪ್ಪತ್ತು ಮೂವತ್ತು ತುಳಿತಗಳವರೆಗೆ ಏನೂ ಕಾಣಲಿಲ್ಲ. ಆಮೇಲೆ ಒಗೆಯುವ ಕಲ್ಲಿನ ನಲ್ಲಿಯಿಂದ, ಪಂಪು ಓಡದಿದ್ದರೂ, ನೀರು ತಾನಾಗಿ ಸುರಿಯಲು ಆರಂಭವಾಯಿತು: ಮೊದಲು ಕೆಂಪು, ತುಕ್ಕಿನ ವಾಸನೆ, ಕೊನೆಗೆ ತಿಳಿ. ಪ್ರತಿ ತುಳಿತಕ್ಕೂ ನಲ್ಲಿಯಲ್ಲಿ ಒಂದು ಸಣ್ಣ ಚಿಮ್ಮು. ಹೀಗೆ ಎರಡು ಬಕೆಟ್ಟಿಗೂ ಹೆಚ್ಚು ನೀರು ಹೊರಬಂದ ಮೇಲೆ ಸುರಿಯುವುದು ನಿಂತಿತು, ಗೇಜಿನ ಮುಳ್ಳು ಮೇಲೇಳತೊಡಗಿತು. ಒಟ್ಟು ಇನ್ನೂರಕ್ಕಿಂತ ಹೆಚ್ಚು ತುಳಿತ. ನಡುವೆ ಮಗನೂ ಕೈಗೂಡಿಸಿದ, ಅಲ್ಲ, ಕಾಲುಗೂಡಿಸಿದ. 18ಕ್ಕೆ ನಿಲ್ಲಿಸಿ ಸಾಬೂನು ನೀರು ಹಚ್ಚಿದರೆ ವಾಲ್ವಿನ ಬಾಯಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಯೊಂದು ನಿಧಾನವಾಗಿ ಬೆಳೆಯುತ್ತಿತ್ತು. ಗಾಳಿಯನ್ನು ಬಿಟ್ಟು, ಸಂತೆಕಟ್ಟೆಗೆ ಹೋಗಿ ಹೊಸ ಪಿನ್ನು ತಂದು ಹಾಕಿ, ಮತ್ತೆ ಮೊದಲಿನಿಂದ ತುಳಿದೆವು. ಎರಡನೆಯ ಸಲ ಗುಳ್ಳೆ ಏಳಲಿಲ್ಲ.

ವಿದ್ಯುತ್ತು ಕೊಟ್ಟು 40ಕ್ಕೆ ಆಫ್ ಆದ ಮೇಲೆ ಮತ್ತೆ ಬಕೆಟ್ಟಿನಲ್ಲಿ ಅಳೆದೆ: 20 ಲೀಟರು. ಮೇಷ್ಟ್ರ ಲೆಕ್ಕಕ್ಕೂ ನಮ್ಮ ಬಕೆಟ್ಟಿಗೂ ಇಷ್ಟೊಂದು ಸ್ನೇಹವಿರುತ್ತದೆಂದು ಎಣಿಸಿರಲಿಲ್ಲ. ಈಗ ಬಚ್ಚಲಿನ ನಲ್ಲಿ ಬಿಟ್ಟರೆ ಎರಡು ನಿಮಿಷ ಪಂಪಿನ ಸದ್ದೇ ಇಲ್ಲ. ಹಿಡಿದರೆ ಒಂದು ನಿಮಿಷ ಸಮಾಧಾನವಾಗಿ ಓಡಿ ನಿಲ್ಲುತ್ತದೆ. ರಾತ್ರಿ ತಾನಾಗಿ ಚಾಲೂ ಆಗುವುದೂ ಬಹುತೇಕ ನಿಂತಿದೆ. ನಿನ್ನೆ ಮಲಗಿದ ಮೇಲೆ ಒಂದೇ ಸಲ ಕೇಳಿಸಿತು. ಅದೂ ಗಾಳಿಯಿಂದಲೇ ಗುಣವಾಯಿತು ಎನ್ನಬಹುದೇ?

ಉತ್ತರ: ಸುರತ್ಕಲ್‌ನ ನಿವೃತ್ತ ಫಿಟ್ಟರ್

ಗುಣವಾಗಲಿಲ್ಲ ಮಾರಾಯರೇ, ಅಡಗಿದೆ. ಮೊದಲು ಎರಡು ಲೀಟರು ಸೋರಿದರೆ ಪಂಪು ಹಿಡಿಯುತ್ತಿತ್ತು, ಅದಕ್ಕೆ ಅರ್ಧ ಗಂಟೆ ಸಾಕಾಗುತ್ತಿತ್ತು. ಈಗ ಇಪ್ಪತ್ತು ಲೀಟರು ಸೋರಬೇಕು, ಅದಕ್ಕೆ ಐದು ಗಂಟೆ ಬೇಕು. ಸೋರುವುದು ಗಂಟೆಗೆ ನಾಲ್ಕು ಲೀಟರು ಹಾಗೆಯೇ ಇದೆ. ರಾತ್ರಿ ಮಲಗುವ ಮುನ್ನ ಪಂಪಿನ ವಿದ್ಯುತ್ತನ್ನು ತೆಗೆದು, ಟ್ಯಾಂಕಿನಿಂದ ಮನೆಯ ಕಡೆಗೆ ಹೋಗುವ ಗೇಟ್ ವಾಲ್ವನ್ನು ಮುಚ್ಚಿ ಗೇಜನ್ನು ನೋಡಿಕೊಳ್ಳಿ. ಅಂಕಿ ಇಳಿಯದಿದ್ದರೆ ಸೋರಿಕೆ ಮನೆಯೊಳಗೆ, ಹೆಚ್ಚಾಗಿ ಫ್ಲಶ್ ಟ್ಯಾಂಕಿನಲ್ಲಿ. ಇಳಿದರೆ ನೀರು ಪಂಪಿನ ಮೂಲಕ ಬಾವಿಗೇ ಹಿಂದಿರುಗುತ್ತಿದೆ. ಬಾವಿಯೊಳಗಿನ ಪೈಪಿನ ತುದಿಯಲ್ಲಿ ನೀರು ಹಿಂದಿರುಗದಂತೆ ತಡೆಯುವ ಫುಟ್ ವಾಲ್ವನ್ನು ನೋಡಬೇಕು.

ಬೇಸಿಗೆಗೆ ಮೊದಲು ಇನ್ನೊಂದು ವಿಷಯವನ್ನು ತಿಳಿದಿರಿ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಗಾಲದಲ್ಲಿ, ಕೈಗೆಟುಕುವಷ್ಟು ಮೇಲೆ ಬರುವ ನಮ್ಮ ಬಾವಿಗಳ ನೀರು ಮೇ ತಿಂಗಳಿನಲ್ಲಿ ಹಗ್ಗ ಮುಗಿಯುವಷ್ಟು ಕೆಳಗೆ ಹೋಗುತ್ತದೆ. ನೀರು ಐದು ಮೀಟರು ಇಳಿದರೆ ಪಂಪು ಕೊಡುವ ಒತ್ತಡದಲ್ಲಿ ಏಳು ಪೌಂಡ್ ಖೋತಾ. ಅದರ ಮೇಲೆ ಸಂಜೆಯ ವೋಲ್ಟೇಜೂ ಇಳಿದಿದ್ದರೆ, ಮಳೆಗಾಲದಲ್ಲಿ ಸಲೀಸಾಗಿ 40 ಮುಟ್ಟುತ್ತಿದ್ದ ಪಂಪು 36ರಲ್ಲೋ 37ರಲ್ಲೋ ನಿಂತು, ಸ್ವಿಚ್ಚು ಆಫ್ ಆಗದೆ, ರಾತ್ರಿಯಿಡೀ ಓಡಿ ಬಿಸಿಯಾಗಿ ಸುಟ್ಟುಹೋಗಬಹುದು. ನೀರಿನ ಮಟ್ಟ ಪಂಪಿನಿಂದ ಏಳೆಂಟು ಮೀಟರಿಗಿಂತ ಕೆಳಗಿಳಿದರೆ ಮೇಲೆ ಕುಳಿತ ಪಂಪು ಎಳೆಯುವುದೇ ಇಲ್ಲ, ಆಗ ಅದನ್ನು ಬಾವಿಯ ಒಳಗಿನ ಕಟ್ಟೆಗೆ ಇಳಿಸಬೇಕಾಗುತ್ತದೆ. ಅಷ್ಟು ದೂರ ಹೋಗದಿದ್ದರೂ, ಬೇಸಿಗೆಗೆಂದು ಸ್ವಿಚ್ಚನ್ನು ತುಸು ಇಳಿಸಿಕೊಳ್ಳುವುದು ಲೇಸು. ದೊಡ್ಡ ಸ್ಪ್ರಿಂಗಿನ ನಟ್ಟನ್ನು ಸಡಿಲಿಸಿದರೆ ಆನ್ ಮತ್ತು ಆಫ್ ಎರಡೂ ಒಟ್ಟಿಗೆ ಇಳಿಯುತ್ತವೆ. 15 ಮತ್ತು 35ಕ್ಕೆ ತನ್ನಿ. ಸ್ವಿಚ್ಚಿನ ಮುಚ್ಚಳ ತೆಗೆಯುವ ಮೊದಲು ವಿದ್ಯುತ್ತು ತೆಗೆದಿರಬೇಕು, ಒಳಗಿನ ತಂತಿಗಳು ಬೆತ್ತಲೆಯಾಗಿರುತ್ತವೆ. ಸ್ವಿಚ್ಚನ್ನು ಇಳಿಸಿದ ದಿನವೇ ಗಾಳಿಯನ್ನೂ 13ಕ್ಕೆ ಇಳಿಸಲು ಮರೆಯಬೇಡಿ. 18ರಲ್ಲೇ ಬಿಟ್ಟರೆ ಕದ್ರಿಯ ಅಮ್ಮ ಹೇಳಿದಂತೆ ಸಾಬೂನು ಹಚ್ಚಿಕೊಂಡು ಕಾಯಬೇಕಾಗುತ್ತದೆ.

ಸ್ವಿಚ್ಚನ್ನು ಮುಟ್ಟದಿದ್ದರೂ ಆರು ತಿಂಗಳಿಗೊಮ್ಮೆ ಟ್ಯಾಂಕನ್ನು ಖಾಲಿ ಮಾಡಿ ಗಾಳಿ ನೋಡಿ. ಬಿಸಿಲೇರುವ ಮೊದಲು ನೋಡಿದರೆ ಒಳ್ಳೆಯದು. ಬಿಸಿಲಿಗೆ ಕಾದ ಟ್ಯಾಂಕು ಒಂದು ಪೌಂಡ್ ಸುಳ್ಳು ಹೇಳುತ್ತದೆ.

ಪ್ರಶ್ನೆ ಕೇಳಿದವರು

ನಿನ್ನೆ ರಾತ್ರಿ ನೀವು ಹೇಳಿದಂತೆಯೇ ಗೇಟ್ ವಾಲ್ವನ್ನು ಮುಚ್ಚಿದೆ. ಒಂಬತ್ತು ಗಂಟೆಗೆ 40 ಇದ್ದ ಗೇಜು ಹತ್ತೂವರೆಗೆ 32 ಆಗಿತ್ತು, ಅಂದರೆ ನೀರು ಬಾವಿಗೇ ಹಿಂದಿರುಗುತ್ತಿದೆ. ಇಂದು ಬೆಳಿಗ್ಗೆ ಇಬ್ಬರು ಸೇರಿ ಪೈಪನ್ನು ಎಳೆದು ಮೇಲೆ ತಂದೆವು. ಫುಟ್ ವಾಲ್ವಿನ ಬಾಗಿಲ ಅಡಿಯಲ್ಲಿ ಕಡಲೆಬೇಳೆಯಷ್ಟು ಮುರಕಲ್ಲಿನ ಚೂರು ಸಿಕ್ಕಿಕೊಂಡಿತ್ತು. ತೆಗೆದು, ತೊಳೆದು, ಪೈಪಿಗೆ ನೀರು ತುಂಬಿ ಮತ್ತೆ ಇಳಿಸಿದ್ದೇವೆ. ಮಧ್ಯಾಹ್ನ ಊಟಕ್ಕೆ ಕೂರುವಾಗ 40 ಇತ್ತು, ಎರಡು ಗಂಟೆ ಬಿಟ್ಟು ನೋಡಿದಾಗಲೂ 40.